ಚೀಲದಲ್ಲಿ ಉಳಿದ ಇಪ್ಪತ್ತೇಳು

ಲಾಕ್‌ಡೌನಿನ ಮೊದಲ ವರ್ಷ, ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ನಡೆದದ್ದು ಇದು. ನಾವು ಮುಂಬಯಿಯ ದಹಿಸರ್‌ಗೆ ಬಾಡಿಗೆಗೆ ಬಂದು ಆಗ ಎರಡು ವರ್ಷವಾಗಿತ್ತು. ಅಂದು ಮೊಬೈಲಿನಲ್ಲಿ ಕೇಳಿದ ಮೂರು ಸೆಕೆಂಡಿನ ಒಂದು ಸದ್ದನ್ನು ನಾನು ಇವತ್ತಿಗೂ ಅಳಿಸಿಲ್ಲ. ಫೋನು ಬದಲಾಯಿಸಿದಾಗ ಮಗಳ ಹತ್ತಿರ ಜಗಳವಾಡಿ ಅದನ್ನು ಹೊಸ ಫೋನಿಗೆ ಹಾಕಿಸಿಕೊಂಡಿದ್ದೇನೆ. ಆ ಸದ್ದು ಏನು ಅಂತ ಹೇಳಬೇಕಾದರೆ ಮೊದಲು ನಮ್ಮ ಚಾಳಿನ ತಂಬೋಲಾ ಆಟದ ವಿಷಯ ಹೇಳಬೇಕು.

ದಹಿಸರ್‌ಗೆ ಬರುವ ಮೊದಲು ಇಪ್ಪತ್ತೊಂದು ವರ್ಷ ನಾವಿದ್ದದ್ದು ಜೋಗೇಶ್ವರಿಯ ಒಂದು ಚಾಳಿನಲ್ಲಿ. ಮೂರು ಮಾಳಿಗೆ, ಒಟ್ಟು ನಲವತ್ತೆಂಟು ಖೋಲಿ, ಅಂದರೆ ಒಂದೊಂದು ಕೋಣೆಯ ಮನೆ. ನಮ್ಮವರು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಮಾಡುವವರು. ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ನಮ್ಮಿಬ್ಬರ ಊರೂ ಕುಂದಾಪುರದ ಕಡೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮುಂದೆ ಬೇಕಾಗುವುದರಿಂದ ಇದನ್ನು ಈಗಲೇ ಹೇಳಿಬಿಡುತ್ತೇನೆ.

ನಮ್ಮದು ಇಪ್ಪತ್ತೇಳನೆಯ ಖೋಲಿ. ಇಪ್ಪತ್ತಾರರಲ್ಲಿ ಶೈಲಾ ಇದ್ದಳು, ಮರಾಠಿಯವಳು, ನನ್ನದೇ ವಯಸ್ಸು, ನನ್ನದೇ ಗಾತ್ರ. ಇಬ್ಬರ ಅಡುಗೆಯ ಕಟ್ಟೆಗೂ ನಡುವೆ ಒಂದೇ ಗೋಡೆ, ಅದೂ ಎಷ್ಟು ತೆಳು ಎಂದರೆ ಅವಳು ಒಗ್ಗರಣೆಗೆ ಸಾಸಿವೆ ಹಾಕಿದರೆ ನನ್ನ ಮನೆಯಲ್ಲಿ ಕೇಳಿಸುತ್ತಿತ್ತು. ಅವಳು ಆ ಕಡೆಯಿಂದ ಎರಡು ಸಲ ತಟ್ಟಿದರೆ ‘ಚಾ ಆಯ್ತು, ಬಾ’ ಅಂತ ಅರ್ಥ. ನಾನು ಈ ಕಡೆಯಿಂದ ಒಂದು ಸಲ ತಟ್ಟಿದರೆ ‘ಬಂದೆ’ ಅಂತ. ಇದನ್ನು ನಾವು ಕೂತು ನಿಶ್ಚಯ ಮಾಡಿದ್ದಲ್ಲ, ಹಾಗೇ ಬಂದುಬಿಟ್ಟಿತು. ಮಾತಾಡುತ್ತಿದ್ದದ್ದು ಅರ್ಧ ಹಿಂದಿ, ಅರ್ಧ ಮರಾಠಿ. ಅವಳು ನನ್ನಿಂದ ಕಲಿತ ಕನ್ನಡ ‘ಬಾ’, ‘ಕೂತ್ಕೋ’, ‘ಊಟ ಆಯ್ತಾ’ ಇಷ್ಟೇ. ಅಷ್ಟರಲ್ಲೇ ಇಪ್ಪತ್ತು ವರ್ಷ ಕಳೆಯಿತು.

ಭಾನುವಾರ ಮೂರು ಗಂಟೆಗೆ ನಡುವಿನ ಮಾಳಿಗೆಯ ಗ್ಯಾಲರಿಯಲ್ಲಿ ಚಾಪೆ ಹಾಸಿ ತಂಬೋಲಾ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಬ್ಬೊಬ್ಬರಿಗೂ ಹದಿನೈದು ನಂಬರಿನ ಒಂದು ಟಿಕೆಟ್. ಒಂದರಿಂದ ತೊಂಬತ್ತರವರೆಗಿನ ಬಿಲ್ಲೆಗಳು ಒಂದು ಬಟ್ಟೆಯ ಚೀಲದಲ್ಲಿ ಇರುತ್ತವೆ. ಒಬ್ಬರು ಒಂದೊಂದೇ ತೆಗೆದು ಕೂಗಬೇಕು, ನಮ್ಮ ಟಿಕೆಟ್ಟಿನಲ್ಲಿ ಆ ನಂಬರು ಇದ್ದರೆ ಅದರ ಮೇಲೆ ಕಾಳು ಇಡಬೇಕು. ನಮ್ಮಲ್ಲಿ ಹುಣಸೆ ಬೀಜ, ನಾನೇ ಊರಿಂದ ತಂದದ್ದು. ಮೊದಲು ಐದು ನಂಬರು ತುಂಬಿದವರಿಗೆ ‘ಜಲ್ದಿ ಫೈವ್’, ಒಂದು ಸಾಲು ತುಂಬಿದವರಿಗೆ ಸಾಲಿನ ಬಹುಮಾನ, ಹದಿನೈದೂ ತುಂಬಿದವರಿಗೆ ‘ಫುಲ್ ಹೌಸ್’. ಇನ್ನೊಂದೇ ನಂಬರು ಬಾಕಿ ಇರುವವರು ‘ಏಕ್ ಪೆ ಬೈಠೀ ಹೂಂ’ ಅಂತ ಹೇಳಿಕೊಂಡು, ‘ಥೈಲಿ ಹಿಲಾವ್, ಥೈಲಿ ಹಿಲಾವ್’, ಚೀಲ ಅಲ್ಲಾಡಿಸು, ಅಂತ ಗಲಾಟೆ ಮಾಡುತ್ತಾರೆ. ನಂಬರು ಬರದೆಯೇ ಬಂತು ಅಂತ ಸುಳ್ಳು ಕೂಗಿದರೆ ಅದು ‘ಬೋಗಿ’. ನಮ್ಮ ಚಾಳಿನಲ್ಲಿ ಬೋಗಿ ಕೂಗಿದವರ ಟಿಕೆಟ್ಟನ್ನು ಕವುಚಿ ಹಾಕಿ, ಆಟ ಮುಗಿಯುವವರೆಗೆ ಸುಮ್ಮನೆ ಕೂರಿಸುತ್ತಿದ್ದರು.

ನಂಬರು ಕೂಗುವವಳು ಶೈಲಾ. ಬೇರೆ ಕಡೆ ಕೂಗುವವರು ಇಂಗ್ಲಿಷಿನಲ್ಲಿ ಕೂಗುತ್ತಾರೆ. ಹನ್ನೊಂದಕ್ಕೆ ಲೆಗ್ಸ್ ಇಲೆವೆನ್, ಇಪ್ಪತ್ತೆರಡಕ್ಕೆ ಟೂ ಲಿಟಲ್ ಡಕ್ಸ್, ಎಂಬತ್ತೆಂಟಕ್ಕೆ ಟೂ ಫ್ಯಾಟ್ ಲೇಡೀಸ್. ಶೈಲಾಳಿಗೆ ಅದು ಸರಿಬರಲಿಲ್ಲ. “ಇಂಗ್ಲಿಷರ ಬಾತುಕೋಳಿ ಕಟ್ಟಿಕೊಂಡು ನಮಗೇನು? ನಮ್ಮಲ್ಲೇ ನಲವತ್ತೆಂಟು ಮನೆ ಇಲ್ಲವಾ?” ಅಂದವಳೇ ಒಂದೊಂದು ನಂಬರಿಗೆ ಒಂದೊಂದು ಖೋಲಿಯ ಹೆಸರಿಟ್ಟಳು, ನಲವತ್ತೆಂಟರ ಮೇಲಿನವಕ್ಕೆ ತನಗೆ ತೋಚಿದ ಹೆಸರು. ಒಂದು ಅಂದರೆ ‘ನಳದ ಸಾಲು’, ಏಕೆಂದರೆ ನೀರಿನ ನಳ ಇದ್ದದ್ದು ಒಂದನೆಯ ಖೋಲಿಯ ಎದುರು. ಹದಿನಾಲ್ಕು ‘ಪಾಪಲೇಟ್ ಫ್ರೈ’, ಅಲ್ಲಿಯ ವಹಿನಿ, ಅಂದರೆ ಅತ್ತಿಗೆ, ಆ ಮೀನು ಹುರಿದರೆ ಇಡೀ ಚಾಳಿಗೆ ವಾಸನೆ. ಮೂವತ್ತಮೂರು ಅವಳಿ ಹುಡುಗಿಯರು. ನಲವತ್ತು ‘ಘೋರಣಾರೇ ಕಾಕಾ’, ಗೊರಕೆ ಹೊಡೆಯುವ ಕಾಕಾ. ಆ ಕಾಕಾ ತಾವೇ ಅಲ್ಲಿ ಕೂತು ನಗುತ್ತಿದ್ದರು. ನನ್ನ ಇಪ್ಪತ್ತೇಳಕ್ಕೆ ಅವಳು ಇಟ್ಟ ಹೆಸರು ‘ಮಾಝೀ ಭಿಂತ್’. ನನ್ನ ಗೋಡೆ ಅಂತ ಅರ್ಥ. ಎಂಬತ್ತೆಂಟು ಬಂದರೆ ನನ್ನ ಕಡೆ ಕಣ್ಣು ಮಿಟುಕಿಸಿ ‘ಆಮ್ಹೀ ದೋಘೀ’, ನಾವಿಬ್ಬರು, ಎನ್ನುತ್ತಿದ್ದಳು. ಗ್ಯಾಲರಿಯಲ್ಲಿ ಎಲ್ಲರೂ ನಮ್ಮಿಬ್ಬರ ಸೊಂಟ ನೋಡಿ ನಗುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಇದನ್ನು ನಾನು ಬೇರೆಲ್ಲೂ ನೋಡಿಲ್ಲ. ಫುಲ್ ಹೌಸ್ ಆದ ಮೇಲೆ ಆಟ ಮುಗಿದ ಹಾಗೆ, ಚೀಲ ಕಟ್ಟಿಡಬಹುದು. ಶೈಲಾ ಹಾಗೆ ಕಟ್ಟುತ್ತಿರಲಿಲ್ಲ. ಚೀಲದಲ್ಲಿ ಉಳಿದ ಬಿಲ್ಲೆಗಳನ್ನೆಲ್ಲ ತೆಗೆದು ಅವುಗಳ ಹೆಸರು ಕೂಗಿಯೇ ಏಳುತ್ತಿದ್ದಳು. “ಯಾರ ಮನೆಯನ್ನೂ ಕರೆಯದೆ ಬಿಡಬಾರದು” ಎನ್ನುತ್ತಿದ್ದಳು. ಗೆದ್ದವರು ಬಹುಮಾನದ ಸ್ಟೀಲ್ ಡಬ್ಬಿ ಹಿಡಿದುಕೊಂಡು, ಸೋತವರು ಬೀಜ ಆರಿಸಿಕೊಂಡು, ತಮ್ಮ ತಮ್ಮ ಮನೆಯ ಹೆಸರು ಕೇಳುವ ತನಕ ಕೂತಿರುತ್ತಿದ್ದರು.

ಇಪ್ಪತ್ತೇಳರ ಬಿಲ್ಲೆ ಬಹಳ ಹಿಂದೆಯೇ ಕಳೆದುಹೋಗಿತ್ತು. ನನ್ನ ಮಗಳು ಪ್ರಜ್ಞಾ ಚಿಕ್ಕವಳಿದ್ದಾಗ ಅದನ್ನು ಮೋರಿಗೆ ಎಸೆದಿದ್ದಳು. ಅದರ ಬದಲು ನಾನು ನನ್ನ ಹೊಲಿಗೆ ಡಬ್ಬಿಯಿಂದ ಕೋಟಿನ ಒಂದು ದೊಡ್ಡ ಗುಂಡಿ ತೆಗೆದು, ಕೆಂಪು ನೇಲ್ ಪಾಲಿಶ್‌ನಿಂದ 27 ಅಂತ ಬರೆದು ಕೊಟ್ಟಿದ್ದೆ. ಚೀಲವನ್ನು ಹೊಲಿದುಕೊಟ್ಟವಳೂ ನಾನೇ. ಬಾಕಿ ಎಂಬತ್ತೊಂಬತ್ತು ಬಿಲ್ಲೆ ನುಣ್ಣಗೆ, ಒಂದೇ ಅಳತೆ. ಗುಂಡಿ ಮಾತ್ರ ದಪ್ಪ, ನಡುವೆ ನಾಲ್ಕು ತೂತು. ಕೈಹಾಕಿದರೆ ಕಣ್ಣಿಲ್ಲದವರಿಗೂ ಗೊತ್ತಾಗುವಂಥದ್ದು.

ಜಗಳ ಆದದ್ದು ಆ ಗುಂಡಿಯಿಂದಲೇ.

ಆ ಭಾನುವಾರ ಪುಣೆಯಿಂದ ಶೈಲಾಳ ತಂಗಿ ಬಂದಿದ್ದಳು. ಆಟಕ್ಕೆ ಕೂತಳು. ಜಲ್ದಿ ಫೈವ್ ಅವಳಿಗೇ ಹೋಯಿತು, ಮೇಲಿನ ಸಾಲೂ ಅವಳಿಗೇ. ಇರಲಿ, ನೆಂಟರು ಅಂತ ಸುಮ್ಮನಿದ್ದೆ. ಫುಲ್ ಹೌಸಿಗೆ ನಾನು ಏಕ್ ಪೆ ಕೂತಿದ್ದೆ. ಬೇಕಾದ ಒಂದೇ ನಂಬರು ಇಪ್ಪತ್ತೇಳು, ನನ್ನ ಮನೆಯದ್ದೇ. ಎಲ್ಲರಿಗೂ ಕೇಳುವ ಹಾಗೆ “ನನ್ನ ಮನೆಯನ್ನು ಕರೀ ಶೈಲಾ” ಅಂದೆ. ಅವಳು ಕೈಹಾಕಿದಳು, ಬೇರೆ ನಂಬರು. ಮತ್ತೆ ಹಾಕಿದಳು, ಬೇರೆ. ಹೀಗೇ ಹದಿನಾಲ್ಕು ನಂಬರು ಬಂದವು, ನನ್ನದು ಬರಲಿಲ್ಲ. ಹದಿನೈದನೆಯದಕ್ಕೆ ತಂಗಿ “ಫುಲ್ ಹೌಸ್” ಅಂತ ಎದ್ದು ನಿಂತಳು.

ನನಗೆ ಎಲ್ಲಿತ್ತೋ ಸಿಟ್ಟು. “ಆ ಗುಂಡಿ ನಿನ್ನ ಕೈಗೆ ಗೊತ್ತು ಶೈಲಾ. ನಿನಗೆ ಕಣ್ಣೂ ಬೇಕಾಗಿಲ್ಲ. ತಂಗಿಗೆ ಮೂರು ಬಹುಮಾನ, ನನಗೆ ಒಂದು ನಂಬರು ಇಲ್ಲ. ನೀನು ನೋಡಿ ನೋಡಿ ತೆಗೀತೀ” ಅಂದೆ. ಅಷ್ಟಕ್ಕೆ ಬಿಡಲಿಲ್ಲ. “ಚೋರ್” ಅನ್ನುವ ಮಾತೂ ಬಾಯಿಂದ ಬಿತ್ತು.

ಗೊರಕೆಯ ಕಾಕಾ ಕೂಡ ನೆಲ ನೋಡುತ್ತಾ ಕೂತರು. ಶೈಲಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಪದ್ಧತಿಯಂತೆ ಚೀಲದಲ್ಲಿ ಉಳಿದವನ್ನು ತೆಗೆದು ಕೂಗಿದಳು. ಎಲ್ಲರ ಮನೆಗೂ ಹೆಸರಿತ್ತು. ಗುಂಡಿ ಬಂದಾಗ, “ದೋನ್ ಆಣಿ ಸಾತ್, ಸತ್ತಾವೀಸ್” ಅಂದಳು. ಎರಡು ಮತ್ತು ಏಳು, ಇಪ್ಪತ್ತೇಳು. ಅಷ್ಟೇ. ಬೋಗಿ ಕೂಗಿದವಳ ಟಿಕೆಟ್ಟನ್ನು ಕವುಚಿ ಹಾಕಿದ ಹಾಗೆ ನನ್ನನ್ನು ಕವುಚಿ ಹಾಕಿದಳು.

ಆ ಸಂಜೆ ಗೋಡೆ ತಟ್ಟಲಿಲ್ಲ. ಮಾರನೆಯ ದಿನವೂ ಇಲ್ಲ. ನಾನೇ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅಂತ ನಮ್ಮ ಅಮ್ಮ ನನಗೆ ಹೇಳಿದಷ್ಟು ಸಲ ಊರಲ್ಲಿ ಇನ್ಯಾರಿಗೂ ಹೇಳಿರಲಿಕ್ಕಿಲ್ಲ. ನಮ್ಮವರೂ ಹೇಳಿದರು. “ಎಂತ ಮಾರಾಯ್ತಿ, ಒಂದು ಆಟಕ್ಕೆ ಇಷ್ಟು ಕೋಪವಾ? ಹೋಗಿ ಎರಡು ಮಾತಾಡಿ ಬಾ.” ನಾನು ಮೆಷಿನ್ನಿನ ಪೆಡಲ್ ಜೋರಾಗಿ ತುಳಿದು ಅವರ ಮಾತು ಕೇಳಿಸದ ಹಾಗೆ ಮಾಡಿದೆ.

ಮುಂದಿನ ಭಾನುವಾರ ನಾನು ಆಟಕ್ಕೆ ಹೋಗಲಿಲ್ಲ. ಬಾಗಿಲು ಅರ್ಧ ತೆರೆದಿಟ್ಟು ಒಳಗಿನಿಂದ ನೋಡುತ್ತಿದ್ದೆ. ಶೈಲಾ ಚೀಲವನ್ನು ಎಡಗೈಯಲ್ಲಿ ಹಿಡಿದು, ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಕೈಹಾಕುತ್ತಿದ್ದಳು. ತೆಗೆದು, ಎಲ್ಲರಿಗೂ ತೋರಿಸಿ, ಆಮೇಲೆ ತಾನು ನೋಡುತ್ತಿದ್ದಳು. ಪ್ರತಿ ನಂಬರಿಗೂ ಹಾಗೆ. ಅವಳಿಗೆ ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಅದು ನನ್ನ ಮಾತಿಗೇ ಅಂತ ನನಗೆ ತಿಳಿಯಿತು. ಆದರೂ ಎದ್ದು ಹೋಗಲಿಲ್ಲ ನೋಡಿ. ಎಂಬತ್ತೆಂಟು ಬಂದಾಗ ಅವಳು “ಟೂ ಫ್ಯಾಟ್ ಲೇಡೀಸ್” ಅಂದಳು.

ಒಂದೂವರೆ ವರ್ಷ ಹೀಗೇ ನಡೆಯಿತು. ಹಾಗಂತ ಶೈಲಾ ನನಗೆ ಕೆಡುಕು ಮಾಡಿದವಳಲ್ಲ. ಬೆಳಿಗ್ಗೆ ನಳ ಬಂದಾಗ ನಾನು ತಡವಾದರೆ ನನ್ನ ಬಕೆಟ್ಟನ್ನು ಕಾಲಿನಿಂದ ಸಾಲಿನಲ್ಲಿ ಮುಂದೆ ಸರಿಸುತ್ತಿದ್ದಳು, ನನ್ನನ್ನು ನೋಡದೆ. ನಾನೂ ಅವಳನ್ನು ನೋಡದೆ ನೀರು ಹಿಡಿಯುತ್ತಿದ್ದೆ. ಗೋಡೆಯ ಆಚೆ ಅವಳು ಚಾ ಕುದಿಸುವ ಹೊತ್ತು, ಶುಂಠಿ ಜಜ್ಜುವ ಸದ್ದು, ಎಲ್ಲ ಕೇಳುತ್ತಿತ್ತು. ಕಿವಿ ಮಾತ್ರ ಆ ಎರಡು ತಟ್ಟುವಿಕೆಗೆ ಕಾಯುವುದನ್ನು ಬಿಡಲಿಲ್ಲ.

ಆಮೇಲೆ ಚಾಳ್ ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಒಡೆದು ಟವರ್ ಕಟ್ಟುತ್ತಾರೆ, ಅಲ್ಲಿಯವರೆಗೆ ಎಲ್ಲರೂ ಬೇರೆ ಕಡೆ ಬಾಡಿಗೆಗೆ ಇರಬೇಕು ಅಂತಾಯಿತು. ನಲವತ್ತೆಂಟು ಮನೆಯೂ ಚೆಲ್ಲಾಪಿಲ್ಲಿ. ನಾವು ದಹಿಸರ್, ಶೈಲಾ ಮಗನ ಜೊತೆ ಬದ್ಲಾಪುರ. ಹೊರಡುವ ದಿನ ಟೆಂಪೋ ಕೆಳಗೆ ನಿಂತಿತ್ತು. ಖಾಲಿ ಅಡುಗೆಕಟ್ಟೆಯ ಮುಂದೆ ನಿಂತು ನನ್ನ ಕೈ ಗೋಡೆಯ ತನಕ ಹೋಯಿತು. ಆಚೆ ಅವಳಿದ್ದಳು, ಪಾತ್ರೆಯನ್ನು ಪೇಪರಿನಲ್ಲಿ ಸುತ್ತುವ ಸದ್ದು ಕೇಳುತ್ತಿತ್ತು. ತಟ್ಟಲಿಲ್ಲ.

ದಹಿಸರ್‌ನಲ್ಲಿ ನಮ್ಮದು ಮೂರನೆಯ ಮಾಳಿಗೆ. ಅಡುಗೆಕಟ್ಟೆಯ ಗೋಡೆಯ ಆಚೆ ಲಿಫ್ಟ್ ಓಡಾಡುತ್ತದೆ. ಬಂದ ಹೊಸದರಲ್ಲಿ ಲಿಫ್ಟ್ ನಿಂತಾಗ ಬರುವ ಸದ್ದಿಗೆ ನಾನು ಎರಡು ಮೂರು ಸಲ ಗ್ಯಾಸ್ ಸಣ್ಣ ಮಾಡಿ ಬಾಗಿಲ ತನಕ ಹೋದದ್ದುಂಟು.

ಲಾಕ್‌ಡೌನ್ ಬಂತು. ಹೋಟೆಲ್ ಮುಚ್ಚಿತು, ನಮ್ಮವರು ಮನೆಯಲ್ಲಿ ಕೂತರು. ಮನೆಯಲ್ಲಿ ಕೂತು ಗೊತ್ತಿಲ್ಲದ ಮನುಷ್ಯ, ದಿನಕ್ಕೆ ಎರಡು ಸಲ ದೋಸೆ ಮಾಡಿ ನಮಗೆ ದೋಸೆ ಕಂಡರೆ ಹೆದರಿಕೆಯಾಗುವ ಹಾಗೆ ಮಾಡಿದರು. ಆ ಶ್ರಾವಣದಲ್ಲಿ ಪ್ರಜ್ಞಾ ಮೊಬೈಲ್ ಹಿಡಿದುಕೊಂಡು ಬಂದಳು.

“ಅಮ್ಮ, ಚಾಳ್ ಗ್ರೂಪ್‌ನಲ್ಲಿ ಮೆಸೇಜ್ ಬಂದಿದೆ. ಸಂಡೇ ತ್ರೀ ಓ’ಕ್ಲಾಕ್ ತಂಬೋಲಾ ಅಂತೆ. ಟಿಕೆಟ್ ಫೋಟೋ ಕಳಿಸ್ತಾರೆ, ನಂಬರ್ ವಾಯ್ಸ್ ಮೆಸೇಜ್‌ನಲ್ಲಿ ಬರುತ್ತೆ. ಶೈಲಾ ಮಾವ್ಶಿನೇ ಹೇಳೋದು. ಖೇಲೋಗೀ ಕ್ಯಾ? ಆಡ್ತೀಯಾ?”

“ನನಗೆ ಬ್ಲೌಸ್ ಮುಗಿಸಬೇಕು” ಅಂದೆ.

“ಯಾರ ಬ್ಲೌಸ್? ಲಾಕ್‌ಡೌನ್‌ನಲ್ಲಿ ಯಾರು ಬ್ಲೌಸ್ ಹಾಕ್ಕೊಂಡು ಎಲ್ಲಿ ಹೋಗ್ತಾರೆ?”

ನಮ್ಮವರು ಕಾವಲಿ ಉಜ್ಜುತ್ತಲೇ, “ನಿನ್ನಮ್ಮನಿಗೆ ಒಂದು ಟಿಕೆಟ್ ಹೇಳು. ಹುಣಸೆ ಬೀಜ ನಾನು ಹುಡುಕಿ ಕೊಡ್ತೇನೆ” ಅಂದರು. ನಾನು ಬೇಡ ಅನ್ನಲಿಲ್ಲ.

ಭಾನುವಾರ ಮೂರು ಗಂಟೆಗೆ ಅಡುಗೆಮನೆಯ ನೆಲದಲ್ಲಿ ಕೂತೆ. ಟಿಕೆಟ್ಟನ್ನು ಪ್ರಜ್ಞಾ ಒಂದು ಕಾಗದದ ಮೇಲೆ ಬರೆದುಕೊಟ್ಟಿದ್ದಳು. ಅದರಲ್ಲಿ ಇಪ್ಪತ್ತೇಳು ಇರಲಿಲ್ಲ. ಆದರೂ ನಾನು ಕಾದದ್ದು ಇಪ್ಪತ್ತೇಳಕ್ಕೇ. ಹೆಸರಿಟ್ಟು ಕರೆಯುತ್ತಾಳೋ, ಎರಡು ಮತ್ತು ಏಳು ಅಂತ ಮುಗಿಸುತ್ತಾಳೋ, ಇಷ್ಟೇ ನನಗೆ ಗೊತ್ತಾಗಬೇಕಿತ್ತು. ಫುಲ್ ಹೌಸ್ ಯಾರ ಮನೆಗಾದರೂ ಹೋಗಲಿ.

ಮೊದಲ ವಾಯ್ಸ್ ಮೆಸೇಜ್ ಬಂತು. “ಏಕ್. ನಳದ ಸಾಲು.” ಮೂರೂವರೆ ವರ್ಷದ ಮೇಲೆ ಅವಳ ದನಿ ಅಷ್ಟು ಹತ್ತಿರದಿಂದ ಕೇಳಿದ್ದು. ನನ್ನ ಟಿಕೆಟ್ಟಿನಲ್ಲಿ ಒಂದು ಇತ್ತು, ಬೀಜ ಇಡಲು ಮರೆತೆ. ಪ್ರಜ್ಞಾ ಇಟ್ಟಳು. ಆ ನಳವೂ ಇಲ್ಲ, ಸಾಲೂ ಇಲ್ಲ, ಅಲ್ಲಿ ಈಗ ದೊಡ್ಡ ಹೊಂಡ ತೋಡಿದ್ದಾರೆ ಅಂತ ಯಾರೋ ಫೋಟೋ ಹಾಕಿದ್ದರು. ಆದರೆ ಅವಳು ಕೂಗಿದ ಕೂಡಲೇ ಗ್ರೂಪ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಬರೆದರು. ಬಕೆಟ್ ಇಟ್ಟಿದ್ದೇನೆ, ನನ್ನ ಬಕೆಟ್ ಮುಂದಿತ್ತು, ಸರದಿ ಮುರಿಯಬೇಡಿ ಅಂತ. ವಿರಾರ್‌ನಲ್ಲಿ ಕೂತವರು, ಕಲ್ಯಾಣದಲ್ಲಿ ಕೂತವರು, ಎಲ್ಲರೂ ಬಕೆಟ್ ಹಿಡಿದು ನಿಂತರು.

ಮೂವತ್ತಮೂರು ಬಂತು, ಅವಳಿ ಹುಡುಗಿಯರು ನಾವೇ ಅಂತ ಬರೆದರು. ಒಬ್ಬಳಿಗೆ ಮದುವೆಯಾಗಿದೆಯಂತೆ. ಎಂಬತ್ತೆಂಟು ಬಂತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. “ಆಠ್ ಆಠ್, ಅಠ್ಠ್ಯಾಐಂಶೀ. ಟೂ ಫ್ಯಾಟ್ ಲೇಡೀಸ್.”

ಇಂಗ್ಲಿಷಿನಲ್ಲೇ ಹೇಳಿದಳು. “ಇನ್ನು ನನಗೆ ಬೇಡ, ನೀನೇ ಆಡು” ಅಂತ ಪ್ರಜ್ಞಾಳಿಗೆ ಹೇಳಿ ಎದ್ದೆ. ಎದ್ದವಳು ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಕಟ್ಟೆಗೆ ಒರಗಿ ನಿಂತೆ.

ಆಟ ಮುಂದುವರಿಯಿತು. ಹದಿನಾಲ್ಕನೆಯ ಖೋಲಿಯ ಪಾಪಲೇಟ್ ವಹಿನಿ, “ಏಕ್ ಪೆ ಬೈಠೀ ಹೂಂ, ಥೈಲಿ ಹಿಲಾವ್” ಅಂತ ಮೂರು ಸಲ ಬರೆದರು. ಅಷ್ಟರಲ್ಲಿ ಗೊರಕೆ ಕಾಕಾನ ಸೊಸೆ ಫುಲ್ ಹೌಸ್ ಮಾಡಿದಳು. ಎಲ್ಲರೂ ಅಭಿನಂದನೆ ಬರೆದರು, ಒಬ್ಬೊಬ್ಬರೇ ಬೈ ಬೈ ಅನ್ನತೊಡಗಿದರು. ಇಪ್ಪತ್ತೇಳು ಬಂದಿರಲೇ ಇಲ್ಲ.

ಆಗ ಶೈಲಾಳ ದನಿ ಬಂತು. “ಥಾಂಬಾ. ಅಜೂನ್ ಘರಂ ಬಾಕಿ ಆಹೇತ್.” ನಿಲ್ಲಿ, ಇನ್ನೂ ಮನೆಗಳು ಬಾಕಿ ಇವೆ.

ಉಳಿದವನ್ನು ಕೂಗತೊಡಗಿದಳು. ಬಂದ ನಂಬರುಗಳನ್ನೆಲ್ಲ ಪ್ರಜ್ಞಾ ಕಾಗದದ ಬದಿಯಲ್ಲಿ ಗುರುತು ಹಾಕಿಕೊಂಡಿದ್ದಳು. ಬಾಕಿ ಹನ್ನೊಂದು. ನಾನು ಮತ್ತೆ ಕೂತೆ. ಒಂದಾದ ಮೇಲೆ ಒಂದು ಹತ್ತು ನಂಬರು ಬಂದವು. ಹನ್ನೊಂದನೆಯದಕ್ಕೆ ಫೋನು ಸುಮ್ಮನಾಯಿತು. ಅವಳು ದನಿ ರೆಕಾರ್ಡ್ ಮಾಡುತ್ತಿದ್ದಾಳೆ ಅಂತ ಮೇಲೆ ಅಕ್ಷರ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ನಮ್ಮವರೂ ಬಂದು ನನ್ನ ಹಿಂದೆ ನಿಂತರು.

ಕೊನೆಗೆ ಬಂದದ್ದು ಮೂರು ಸೆಕೆಂಡಿನ ಮೆಸೇಜ್. ಒತ್ತಿದೆ. ಮಾತಿಲ್ಲ. ಗೋಡೆ ತಟ್ಟಿದ ಸದ್ದು, ಎರಡು ಸಲ.

ಗ್ರೂಪ್‌ನಲ್ಲಿ ಎಲ್ಲರೂ ಕೇಳತೊಡಗಿದರು. “ಶೈಲಾ ತಾಈ, ಆವಾಜ್ ನಹೀ ಆಯಾ.” “ನಂಬರ್ ಬೋಲೋ.” “ನೆಟ್‌ವರ್ಕ್ ಪ್ರಾಬ್ಲಮ್.” ಅವರ್ಯಾರಿಗೂ ಆ ಸದ್ದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮುಂಬಯಿಯಲ್ಲಿ ನಮ್ಮಿಬ್ಬರಿಗೇ.

ನಾನು ಫೋನನ್ನು ಪ್ರಜ್ಞಾಳ ಕೈಗೆ ಕೊಟ್ಟು, “ರೆಕಾರ್ಡ್ ಒತ್ತಿ ಹಿಡಿ” ಅಂದೆ. ಕಟ್ಟೆಯ ಮೇಲಿನ ಗೋಡೆಗೆ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದೆ. ಆಚೆ ಲಿಫ್ಟ್ ಬಿಟ್ಟರೆ ಯಾರೂ ಇಲ್ಲ ಅಂತ ಗೊತ್ತಿತ್ತು. ಆದರೂ ಅಷ್ಟು ಜೋರಾಗಿ ತಟ್ಟಿದೆ, ಗೆಣ್ಣು ಕೆಂಪಾಯಿತು.

ಒಂದು ನಿಮಿಷದಲ್ಲಿ ಫೋನು ಬಂತು. ಮಾತಾಡಿದ್ದು ಅವಳ ಸೊಸೆ ಕೇತಕಿ. ಚಾಳ್ ಒಡೆದ ಮೇಲೆ ಮದುವೆಯಾಗಿ ಬಂದ ಹುಡುಗಿ, ಅವಳಿಗೆ ಹಳೆಯದೊಂದೂ ಗೊತ್ತಿಲ್ಲ. “ಮಾವ್ಶಿ, ದೋ ಮಿನಿಟ್. ಆಯಿಗೆ ಈಗ ಮಾತಾಡಲು ಆಗ್ತಾ ಇಲ್ಲ” ಅಂದಳು. ಆಮೇಲೆ ದನಿ ತಗ್ಗಿಸಿ, “ಒಂದು ಕೇಳಲಾ? ಆಯಿ ನಂಬರ್ ತೆಗೆಯುವಾಗ ಪ್ರತಿ ಸಲ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗುತ್ತಾರೆ. ಫೋನ್‌ನಲ್ಲಿ ಯಾರಿಗೆ ಕಾಣುತ್ತೆ ಆಯಿ ಅಂದರೆ ಬೈತಾರೆ. ಯಾಕೆ ಅಂತ ನಿಮಗೆ ಗೊತ್ತಾ?” ಎಂದಳು.

ನನಗೆ ಗೊತ್ತಿತ್ತು. ಕಾಣದ ಜಾಗದಲ್ಲೂ ನನ್ನ ಆ ಒಂದು ಮಾತಿಗೆ ಅವಳು ಉತ್ತರ ಕೊಡುತ್ತಲೇ ಇದ್ದಳು. ನಾಚಿಕೆ ಅಂದರೆ ಏನು ಅಂತ ಅವತ್ತು ನನಗೆ ತಿಳಿಯಿತು.

ಶೈಲಾ ಫೋನ್ ತೆಗೆದುಕೊಂಡಳು. ಮೊದಲ ಮಾತು, “ಸುಮನ್, ಚಹಾ ಥಂಡ್ ಹೋತೋಯ್.” ಚಾ ಆರುತ್ತಿದೆ. ನನ್ನ ಹೆಸರು ಸುಮನಾ, ಅವಳಿಗೆ ಸುಮನ್.

“ಶೈಲಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ನನ್ನದು ತಪ್ಪು” ಅಂದೆ. ಮೂರೂವರೆ ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಹೇಳಲು ಎರಡು ಉಸಿರೂ ಬೇಕಾಗಲಿಲ್ಲ.

ಅವಳು ಹೇಳಿದಳು. “ಆ ದಿನ ಗುಂಡಿ ಮೂರು ಸಲ ನನ್ನ ಬೆರಳಿಗೆ ಸಿಕ್ಕಿತು ಸುಮನ್. ನೀನು ಅದಕ್ಕೇ ಕೂತಿದ್ದೀ ಅಂತ ಗೊತ್ತಿತ್ತು. ಗೊತ್ತಿದ್ದೂ ತೆಗೆದರೆ ನೋಡಿ ತೆಗೆದ ಹಾಗೇ ಅಲ್ಲವಾ? ಅದಕ್ಕೆ ಬಿಟ್ಟು ಪಕ್ಕದ್ದು ತೆಗೆದೆ. ಮೂರು ಸಲವೂ ಬಿಟ್ಟೆ. ಮೋಸ ಆಗಬಾರದು ಅಂತ ಬಿಟ್ಟದ್ದು. ಆಮೇಲೆ ನೀನು ಚೋರ್ ಅಂದೆ.”

“ಆಗಲೇ ಹೇಳಬಾರದಿತ್ತಾ?”

“ನೀನು ನಂಬುತ್ತಿದ್ದೆಯಾ?”

ಇಲ್ಲ. ಅವತ್ತಿನ ಸುಮನಾ ನಂಬುತ್ತಿರಲಿಲ್ಲ. “ಇವತ್ತು ಎಲ್ಲರದ್ದೂ ಬಂದ ಮೇಲೆ ಕೊನೆಗೆ ನನ್ನದೇ ಹೇಗೆ ಬಂತು?” ಅಂತ ಕೇಳಿದೆ.

ಆಗ ಅವಳು ನಕ್ಕಳು. ಅಳುವಿನ ನಡುವೆಯೇ ನಗು. “ಬಂದದ್ದಲ್ಲ. ಆಟ ಶುರುವಾಗುವ ಮೊದಲೇ ತೆಗೆದು ಗೌನಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹೇಗೆ ಕರೆಯಬೇಕು ಅಂತ ಗೊತ್ತಾಗಲಿಲ್ಲ. ಮಾಝೀ ಭಿಂತ್ ಅನ್ನಲು ಗೋಡೆ ಎಲ್ಲಿದೆ? ಯೋಚನೆ ಮಾಡುತ್ತಾ ಮಾಡುತ್ತಾ ಆಟವೇ ಮುಗಿದುಹೋಯಿತು.”

“ಯಾರ ಟಿಕೆಟ್ಟಿನಲ್ಲಾದರೂ ಇಪ್ಪತ್ತೇಳು ಇದ್ದಿದ್ದರೆ?”

“ಇತ್ತು. ಪಾಪಲೇಟ್ ವಹಿನಿ ಅದಕ್ಕೇ ಕೂತಿದ್ದದ್ದು. ಹೇಳಬೇಡ. ಜನ್ಮದಲ್ಲಿ ಇದೊಂದೇ ಮೋಸ ಮಾಡಿದ್ದೇನೆ.”

ವಹಿನಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಅವತ್ತು ಲೋಕಲ್ ಓಡುತ್ತಿರಲಿಲ್ಲ, ಹೊರಗೆ ಕಾಲಿಡುವ ಹಾಗಿರಲಿಲ್ಲ. ನಮ್ಮವರು ಚಾ ಮಾಡಿ ತಂದು ನನ್ನ ಎದುರು ಇಟ್ಟರು. ಅವಳು ಬದ್ಲಾಪುರದಲ್ಲಿ, ನಾನು ದಹಿಸರ್‌ನಲ್ಲಿ, ಫೋನನ್ನು ಕಿವಿಗೆ ಇಟ್ಟುಕೊಂಡೇ ಕುಡಿದೆವು. ಅವಳು ಸೊರ್ ಅಂತ ಕುಡಿಯುವ ಸದ್ದು ಗೋಡೆಯ ಆಚೆಯಿಂದ ಬಂದ ಹಾಗೇ ಇತ್ತು.

ರೈಲು ಶುರುವಾದ ಮೇಲೆ ಎರಡು ಸಲ ಬದ್ಲಾಪುರಕ್ಕೆ ಹೋಗಿಬಂದೆ. ದಾದರ್‌ನಲ್ಲಿ ಇಳಿದು ಸೇತುವೆ ಹತ್ತಿ ಬೇರೆ ಗಾಡಿ ಹಿಡಿಯಬೇಕು, ನನ್ನ ಮಂಡಿಗೆ ಆಗುವುದಿಲ್ಲ, ಅವಳ ಮಂಡಿಗಂತೂ ಇನ್ನೂ ಇಲ್ಲ. ಹೋದರೆ ಸೋಫಾದಲ್ಲಿ ಕೂರಿಸುತ್ತಾಳೆ, ಟ್ರೇಯಲ್ಲಿ ನೀರು ತರುತ್ತಾಳೆ. ನಾನೂ ಒಳ್ಳೆಯ ಸೀರೆ ಉಟ್ಟು ಸ್ವೀಟ್ ಡಬ್ಬಿ ಹಿಡಿದುಕೊಂಡು ಹೋಗಿರುತ್ತೇನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತೇವೆ. ಪ್ರೀತಿಗೇನೂ ಕಡಿಮೆಯಿಲ್ಲ, ಆದರೆ ನಾವು ಹೀಗೆ ಎದುರುಬದುರು ಕೂತು ಬದುಕಿದವರಲ್ಲ. ಕೆಲಸದ ನಡುವೆ, ಒದ್ದೆ ಕೈಯಲ್ಲಿ, ಗೋಡೆಯ ಈಚೆ ಆಚೆ ಇದ್ದು ಗೆಳತಿಯರಾದವರು. ಈಗಲೂ ಸಂಜೆ ಚಾ ಕುದಿಯುವಾಗ ನನ್ನ ಕೈ ತಾನಾಗಿಯೇ ಗೋಡೆಯ ಕಡೆ ಹೋಗುತ್ತದೆ.

ಜೋಗೇಶ್ವರಿಯ ಟವರ್ ಇನ್ನೂ ಪೂರ್ತಿಯಾಗಿಲ್ಲ. ಯಾರಿಗೆ ಯಾವ ಮಾಳಿಗೆ, ಯಾವ ಮನೆ ಅಂತ ಹಳೆಯ ನಂಬರಿನ ಪ್ರಕಾರ ಕೊಡುವುದಿಲ್ಲವಂತೆ, ಎಲ್ಲರ ಮುಂದೆ ಚೀಟಿ ಎತ್ತುತ್ತಾರಂತೆ. ಶೈಲಾಳಿಗೆ ಎರಡನೆಯ ಮಾಳಿಗೆ, ನನಗೆ ಹದಿನೇಳು ಬರಬಹುದು. ನಮ್ಮವರು, “ಹತ್ತಿರ ಬಂದರೆ ಬಂತು, ಇಲ್ಲದಿದ್ದರೆ ಲಿಫ್ಟ್ ಉಂಟಲ್ಲ” ಎನ್ನುತ್ತಾರೆ. ಅವರಿಗೆ ಹೇಗೆ ಹೇಳುವುದು.

ಒಂದು ಕಾಲದಲ್ಲಿ ನೋಡಿ ತೆಗೆಯುತ್ತೀ ಅಂತ ನಾಲ್ಕು ಜನರ ಮುಂದೆ ಅವಳ ಮಾನ ಕಳೆದವಳು ನಾನು. ಈಗ ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುವುದು ಒಂದೇ. ಆ ದಿನ ಚೀಟಿಯ ಡಬ್ಬಿಯಲ್ಲಿ ಕೈಹಾಕುವವಳು ಶೈಲಾ ಆಗಿರಲಿ. ಗೋಡೆಯ ಕಡೆ ತಿರುಗದಿರಲಿ. ಕಣ್ಣು ಬಿಟ್ಟುಕೊಂಡು, ಚೆನ್ನಾಗಿ ನೋಡಿಯೇ ತೆಗೆಯಲಿ.